ಉಳಿದದ್ದನ್ನು ನೋಡಿ ಇದ್ದದ್ದನ್ನು ಹೇಳಬಹುದಾ?

ಕಳೆದ ವರ್ಷ ಆಗಸ್ಟ್‌ನಲ್ಲಿ ಕ್ಲಾಸಿನಲ್ಲಿ ಒಂದು ತಪ್ಪು ಉತ್ತರ ಕೊಟ್ಟೆ. ಅದು ತಪ್ಪು ಅಂತ ಯಾರೂ ಹೇಳಲಿಲ್ಲ. ಪರೀಕ್ಷೆಗೆ ಬರುವ ವಿಷಯವೂ ಅಲ್ಲ, ಸಿಲೆಬಸ್ಸಿನಲ್ಲೂ ಇಲ್ಲ. ಸುಮ್ನೆ ಬಿಟ್ಟುಬಿಡಬಹುದಿತ್ತು. ಆದರೆ ಒಗ್ಗರಣೆ ಹಾಕುವಾಗ, ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಾಗ, ರಾತ್ರಿ ದೀಪ ಆರಿಸಿದ ಮೇಲೆ ಅದು ಮತ್ತೆ ಮತ್ತೆ ನೆನಪಿಗೆ ಬರುತ್ತಿತ್ತು. ಇವತ್ತು ಅದನ್ನು ಪೂರ್ತಿ ಬರೆದು ನೋಡೋಣ ಅನ್ನಿಸಿದೆ.

ನಾನು ಎಂಎಸ್ಸಿ ಮಕ್ಕಳಿಗೆ ಗಣಿತ ಪಾಠ ಮಾಡುತ್ತೇನೆ. ಅವತ್ತು ಕೊನೆಯ ಪೀರಿಯಡ್. ಹೊರಗೆ ಮಳೆ ಜೋರಾಗಿತ್ತು, ಹಿಂದಿನ ಬೆಂಚಿನವರಿಗೆ ನನ್ನ ಮಾತು ಕೇಳುತ್ತಿರಲಿಲ್ಲ, ಹಾಗಾಗಿ ಎಲ್ಲರನ್ನೂ ಮುಂದೆ ಕೂರಿಸಿಕೊಂಡಿದ್ದೆ. ಬೋರ್ಡಿನ ಮೇಲೆ ಅ, ಬ ಅಂತ ಎರಡು ಚರಾಕ್ಷರ ಬರೆದು ಅವನ್ನು ಅದಲುಬದಲು ಮಾಡಿದರೆ ಏನೇನು ಹಾಗೇ ಉಳಿಯುತ್ತದೆ ಅಂತ ತೋರಿಸುತ್ತಿದ್ದೆ. ಅ + ಬ ಉಳಿಯುತ್ತದೆ. ಅಬ ಉಳಿಯುತ್ತದೆ. ಅದಲುಬದಲಿಗೆ ಜಗ್ಗದ ಬಹುಪದೋಕ್ತಿ ಯಾವುದೇ ಇರಲಿ, ಅದನ್ನು ಈ ಎರಡರಿಂದಲೇ ಕಟ್ಟಬಹುದು. ಆಗ ಎರಡನೇ ಸಾಲಿನ ಒಬ್ಬ ಹುಡುಗಿ, ಇಡೀ ಸೆಮಿಸ್ಟರಿನಲ್ಲಿ ಬಾಯಿ ಬಿಟ್ಟಿದ್ದೇ ಕಮ್ಮಿ, ಕೈ ಎತ್ತಿದಳು. "ಮೇಡಂ, ಉಳಿದಿದ್ದನ್ನ ಮಾತ್ರ ನಮ್ ಕೈಗೆ ಕೊಟ್ರೆ, ಮೊದ್ಲು ಎಷ್ಟಿತ್ತು ಅಂತ ಹೇಳೋಕಾಗುತ್ತಾ?" ಅಂದರೆ, ಎಷ್ಟು ಚರಾಕ್ಷರ ಇಟ್ಟುಕೊಂಡು ಶುರು ಮಾಡಿದ್ದು ಅಂತ.

"ಆಗುತ್ತಮ್ಮ," ಅಂದೆ. "ಬದಲಾಯಿಸೋ ವ್ಯವಸ್ಥೆ ಪರಿಮಿತವಾಗಿದ್ರೆ ಯಾವಾಗಲೂ ಆಗುತ್ತೆ."

ಅವಳು ಅದನ್ನು ನೋಟ್ಸಿನಲ್ಲಿ ಬರೆದುಕೊಂಡಳು. ಸ್ಕೇಲ್ ಇಟ್ಟು ಅಡಿಗೆರೆಯನ್ನೂ ಎಳೆದಳು. ಆ ಅಡಿಗೆರೆಯೇ ನನ್ನನ್ನು ಚುಚ್ಚಿದ್ದು. ಯಾಕೆಂದರೆ ನನ್ನ ಪಿಎಚ್‌ಡಿ ಆಗಿದ್ದು ಇದರ ಪಕ್ಕದ ಓಣಿಯಲ್ಲೇ: ಹಾಪ್ಫ್ ಆಲ್ಜೀಬ್ರಾಗಳು ಬೇರೆ ಆಲ್ಜೀಬ್ರಾಗಳ ಮೇಲೆ ಕೆಲಸ ಮಾಡಿದಾಗ ಏನು ಬದಲಾಗದೆ ಉಳಿಯುತ್ತದೆ ಅನ್ನೋದು. (ಕೂಡಲು, ಗುಣಿಸಲು ಬರುವ ವಸ್ತುಗಳ ಕೂಟಕ್ಕೆ ಆಲ್ಜೀಬ್ರಾ ಅನ್ನುತ್ತೇವೆ. ಹಾಪ್ಫ್ ಅಂದರೆ ಏನು ಅಂತ ಮುಂದೆ ಹೇಳುತ್ತೇನೆ.) "ಯಾವಾಗಲೂ" ಅನ್ನುವ ಮಾತನ್ನು ಬೇರೆ ಯಾರಾದರೂ ಆಡಬಹುದಿತ್ತು. ನಾನು ಆಡಬಾರದಿತ್ತು.

ಹೌದು ಅನ್ನಿಸಿದ್ದು ಯಾಕೆ

ಹಾಗೆ ಹೇಳಿದ್ದಕ್ಕೆ ಕಾರಣ ಇಲ್ಲದೆ ಇರಲಿಲ್ಲ. ಅ ಅನ್ನು −ಅ ಮಾಡುವ ಒಂದೇ ಒಂದು ಬದಲಾವಣೆ ತಗೊಳ್ಳಿ. ಎರಡು ಸಲ ಮಾಡಿದರೆ ಮೊದಲಿನ ಜಾಗಕ್ಕೇ ಬರುತ್ತೇವೆ. ಉಳಿಯೋದು ಅ², ಅ⁴, ಅ⁶, ಹೀಗೆ ಸಮ ಘಾತಗಳು. ಅ ಉಳಿಯಲಿಲ್ಲ, ನಿಜ. ಆದರೆ ಅದು ಪೂರ್ತಿ ಕೈತಪ್ಪಿಯೂ ಹೋಗಿಲ್ಲ. ಅದಕ್ಕೆ ಇರುವ ಎರಡು ಮುಖಗಳು ಅ ಮತ್ತು −ಅ. ಅವೆರಡನ್ನೂ ಮೂಲಗಳಾಗಿ ಇಟ್ಟುಕೊಂಡು (ಝ − ಅ)(ಝ + ಅ) ಅಂತ ಗುಣಿಸಿದರೆ ಝ² − ಅ² ಸಿಗುತ್ತದೆ. ಈ ಸಮೀಕರಣದ ಸಹಗುಣಕಗಳೆಲ್ಲ ಉಳಿದವುಗಳ ಪೈಕಿಯವೇ. ಅಂದರೆ ಉಳಿದದ್ದನ್ನಷ್ಟೇ ಬಳಸಿ ಬರೆದ ಒಂದು ಸಮೀಕರಣಕ್ಕೆ, ಹೋದದ್ದು ಮೂಲವಾಗಿ ಕೂತಿದೆ. ನಾಲ್ಕು ಮುಖ ಇದ್ದರೆ ನಾಲ್ಕನ್ನೂ ಸಾಲಾಗಿ ನಿಲ್ಲಿಸಿ ಗುಣಿಸಿ, ನೂರಿದ್ದರೆ ನೂರನ್ನೂ. ಮುಖಗಳನ್ನು ಅದಲುಬದಲು ಮಾಡಿದರೂ ಗುಣಲಬ್ಧ ಅದೇ ಇರುತ್ತದಲ್ವಾ? ಅಷ್ಟೇ ಅದರ ಗುಟ್ಟು.

ಒಂದಾದ ಮೇಲೊಂದು ಮಾಡಬಹುದಾದ, ಹಿಂದಕ್ಕೂ ತಿರುಗಿಸಬಹುದಾದ ಇಂಥ ಬದಲಾವಣೆಗಳ ಕೂಟಕ್ಕೆ ಗ್ರೂಪ್ ಅನ್ನುತ್ತಾರೆ. ಪರಿಮಿತ ಗ್ರೂಪಿನ ಕೆಲಸ ಇರುವ ಕಡೆ ಇದನ್ನು ಗಟ್ಟಿಯಾಗಿ ನಿಲ್ಲಿಸಿದವರು ಎಮ್ಮಿ ನೋಯ್ಥರ್. 1916ರಲ್ಲಿ ಒಂದು ಲೇಖನ, 1926ರಲ್ಲಿ ಇನ್ನೊಂದು. ಮೊದಲನೆಯದು ಅಚ್ಚಾದ ಕಾಲದಲ್ಲಿ ಗಟಿಂಗೆನ್‌ನಲ್ಲಿ ಅವರಿಗೆ ಸಂಬಳವೂ ಇರಲಿಲ್ಲ, ತಮ್ಮ ಹೆಸರಿನಲ್ಲಿ ಪಾಠ ಮಾಡುವ ಹಕ್ಕೂ ಇರಲಿಲ್ಲ. ಅವರ ಪಾಠಗಳನ್ನು ಹಿಲ್ಬರ್ಟ್ ಹೆಸರಿನಲ್ಲಿ ಘೋಷಿಸುತ್ತಿದ್ದರು. (ಪ್ರತಿ ವರ್ಷ ಈ ಪಾಠಕ್ಕೆ ಬಂದಾಗ ಇದನ್ನು ಮಕ್ಕಳಿಗೆ ಹೇಳದೆ ಮುಂದೆ ಹೋಗಲು ನನಗೆ ಆಗುವುದಿಲ್ಲ.) ಎರಡನೆಯ ಲೇಖನದಲ್ಲಿ ಅವರು ಸರಾಸರಿಯ, ಅಂದರೆ ಎಲ್ಲ ಮುಖಗಳನ್ನು ಕೂಡಿಸಿ ಭಾಗಿಸುವುದರ, ಹಂಗನ್ನೂ ಬಿಟ್ಟರು. ಗ್ರೂಪಿನ ಸದಸ್ಯರ ಸಂಖ್ಯೆಯಿಂದ ಭಾಗಿಸಲು ಬರದ ಕಡೆಯೂ ಮುಖಗಳ ಗುಣಲಬ್ಧ ಕೆಲಸ ಮಾಡುತ್ತದೆ.

ನನ್ನ ತಲೆಯಲ್ಲಿ "ಪರಿಮಿತ" ಅನ್ನುವ ಪದ ಕೂತದ್ದು ಇಲ್ಲಿಂದ. ಬದಲಾಯಿಸುವವರು ಎಣಿಕೆಯಷ್ಟೇ ಇದ್ದಾರೆ, ಹಾಗಾಗಿ ಹೋದದ್ದೂ ಎಣಿಕೆಯಷ್ಟೇ ದೂರ ಹೋಗಿದೆ. ಕೇಳಲು ಎಷ್ಟು ಸರಿ ಅನ್ನಿಸುತ್ತದೆ!

ಗುಣಾಕಾರದ ಕ್ರಮ ಬದಲಾದಾಗ

ಅಬ ಮತ್ತು ಬಅ ಒಂದೇ ಅಲ್ಲದ ಲೋಕಕ್ಕೆ ಹೋದರೆ ಏನಾಗುತ್ತದೆ? ಮ್ಯಾಟ್ರಿಕ್ಸ್‌ಗಳ ಲೋಕ ಅಂಥದ್ದು. ಆದರೆ ಅಲ್ಲಿ ಕ್ರಮದ ಗಲಾಟೆಗೂ ಒಂದು ಮಿತಿ ಇದೆ. ಎರಡು ಸಾಲು ಎರಡು ಕಂಬದ ಮ್ಯಾಟ್ರಿಕ್ಸ್ ಅ, ಬ ಯಾವುದನ್ನೇ ತಗೊಳ್ಳಿ. ಅಬ − ಬಅ ಸೊನ್ನೆ ಆಗದೆ ಇರಬಹುದು. ಆದರೆ ಅದರ ವರ್ಗ ಮಾಡಿ ನೋಡಿ, ಅದು ಎಲ್ಲ ಮ್ಯಾಟ್ರಿಕ್ಸ್‌ಗಳ ಜೊತೆಗೂ ಹೊಂದಿಕೊಂಡು ಹೋಗುತ್ತದೆ, ಯಾವ ಕಡೆಯಿಂದ ಗುಣಿಸಿದರೂ ಒಂದೇ. ಹೀಗೆ ಒಳಗಿನ ಪ್ರತಿಯೊಂದಕ್ಕೂ ತಪ್ಪದೆ ಅನ್ವಯಿಸುವ ಒಂದು ನಿತ್ಯಸಮೀಕರಣ ಇರುವ ಆಲ್ಜೀಬ್ರಾಗಳನ್ನು ನಾವು ಪಿಐ (ಪಾಲಿನಾಮಿಯಲ್ ಐಡೆಂಟಿಟಿ) ಆಲ್ಜೀಬ್ರಾ ಅನ್ನುತ್ತೇವೆ. 1950ರಲ್ಲಿ ಅಮಿತ್ಸುರ್ ಮತ್ತು ಲೆವಿಟ್ಸ್ಕಿ ಯಾವ ಗಾತ್ರದ ಮ್ಯಾಟ್ರಿಕ್ಸ್‌ಗೂ ಒಂದು ನಿತ್ಯಸಮೀಕರಣ ಕೊಟ್ಟರು, ಅದರ ಘಾತ ಗಾತ್ರದ ಎರಡರಷ್ಟು. ನನ್ನ ಗೈಡ್ ಇದನ್ನು "ಪರಿವರ್ತನೀಯ ನಿಯಮದ ಚಿಕ್ಕಮ್ಮನ ಮಕ್ಕಳು" ಅನ್ನುತ್ತಿದ್ದರು. ಸ್ವಂತ ತಮ್ಮ ಅಲ್ಲ, ಆದರೂ ಮುಖದಲ್ಲಿ ಮನೆತನದ ಕಳೆ ಇದೆ.

ಇದೇ ಮ್ಯಾಟ್ರಿಕ್ಸ್‌ಗಳಲ್ಲಿ ಕರ್ಣದ ಮೇಲಿರುವ ಎರಡು ಸಂಖ್ಯೆ ಬಿಟ್ಟು ಉಳಿದೆರಡರ ಚಿಹ್ನೆ ತಿರುಗಿಸಿ. ಉಳಿಯೋದು ಕರ್ಣ ಮಾತ್ರ ಇರುವ ಮ್ಯಾಟ್ರಿಕ್ಸ್‌ಗಳು, ಅವುಗಳಲ್ಲಿ ಅಬ = ಬಅ. ಅಂದರೆ ಉಳಿದದ್ದು ಬಿಗಿಯಾದ ನಿಯಮ ಪಾಲಿಸುತ್ತದೆ, ಇಡೀ ಆಲ್ಜೀಬ್ರಾ ಅದಕ್ಕಿಂತ ಸಡಿಲವಾದ, ಆದರೂ ನಿಯಮ ಅನ್ನಬಹುದಾದ ಒಂದನ್ನು ಪಾಲಿಸುತ್ತದೆ. ಇದು ಕಾಕತಾಳೀಯ ಅಲ್ಲ. 1970ರ ದಶಕದಲ್ಲಿ ಖಾರ್ಚೆಂಕೊ ತೋರಿಸಿದ್ದು ಇದನ್ನೇ: ಪರಿಮಿತ ಗ್ರೂಪ್ ಕೆಲಸ ಮಾಡುತ್ತಿದ್ದು, ಅದರ ಸದಸ್ಯರ ಸಂಖ್ಯೆಯಿಂದ ಭಾಗಿಸಲು ಬರುವಂತಿದ್ದರೆ, ಉಳಿದದ್ದಕ್ಕೆ ಒಂದು ನಿತ್ಯಸಮೀಕರಣ ಇದ್ದ ಪಕ್ಷದಲ್ಲಿ ಇಡೀ ಆಲ್ಜೀಬ್ರಾಕ್ಕೂ ಒಂದು ಇದ್ದೇ ಇರುತ್ತದೆ. ಬೇರೆ ಸಮೀಕರಣ ಇರಬಹುದು, ಉದ್ದ ಇರಬಹುದು, ಆದರೆ ಇರುತ್ತದೆ. ಉಳಿದದ್ದನ್ನು ನೋಡಿ ಇದ್ದದ್ದರ ಬಗ್ಗೆ ಏನೋ ಒಂದನ್ನು ಧೈರ್ಯವಾಗಿ ಹೇಳುವ ಮಾತು ಇದು. ಮೊದಲ ಸಲ ಓದಿದಾಗ ನನಗೆ ತುಂಬಾ ಖುಷಿಯಾಗಿತ್ತು, ಇವತ್ತಿಗೂ ಆ ಖುಷಿ ಕಮ್ಮಿ ಆಗಿಲ್ಲ.

ಆದರೆ ಪಿಐ ಲೋಕದಲ್ಲಿ ಎಲ್ಲವೂ ನೆಟ್ಟಗಿಲ್ಲ. ಅ, ಬ ಎರಡೇ ಅಕ್ಷರದಿಂದ ಪದಗಳನ್ನು ಕಟ್ಟಿ. ಕ್ರಮ ಮುಖ್ಯ. ಒಂದೇ ಒಂದು ಷರತ್ತು: ಬ ಮೂರು ಸಲ ಬಂದ ಪದ ಸೊನ್ನೆ. ಇದು ಪಿಐ ಆಲ್ಜೀಬ್ರಾ. ಯಾವ ಎರಡರ ಕ್ರಮ ಬದಲಿಸಿ ಕಳೆದರೂ ಉಳಿಯುವ ಪ್ರತಿ ಪದದಲ್ಲೂ ಒಂದು ಬ ಇರಲೇಬೇಕು, ಹಾಗಾಗಿ ಅಂಥ ಮೂರು ವ್ಯತ್ಯಾಸಗಳನ್ನು ಗುಣಿಸಿದರೆ ಸೊನ್ನೆ. ಈಗ ಬ ಅನ್ನು −ಬ ಮಾಡಿ, ಅ ಹಾಗೇ ಇರಲಿ. ಉಳಿಯೋದು ಬ ಒಂದೂ ಇಲ್ಲದ ಅಥವಾ ಎರಡಿರುವ ಪದಗಳು: ಅ, ಬಬ, ಬಅಬ, ಬಅಅಬ, ಬಅಅಅಬ... ಇವುಗಳಲ್ಲಿ ಬಅಅಬ ಅನ್ನು ಚಿಕ್ಕ ತುಂಡುಗಳಿಂದ ಕಟ್ಟಲು ನೋಡಿ. ಎಲ್ಲಿ ಕತ್ತರಿಸಿದರೂ ಎರಡು ಬ ಬೇರೆ ಬೇರೆ ಆಗುತ್ತವೆ, ಒಂದೇ ಬ ಇರುವ ತುಂಡು ಉಳಿದವರ ಪಟ್ಟಿಯಲ್ಲಿ ಇಲ್ಲ. ಹಾಗಾಗಿ ಪ್ರತಿಯೊಂದನ್ನೂ ಬೇರೆ ಬೇರೆಯಾಗಿಯೇ ಇಟ್ಟುಕೊಳ್ಳಬೇಕು. ಮೂಲ ಎರಡಕ್ಷರದ್ದು. ಬದಲಾವಣೆ ಒಂದೇ ಒಂದು. ಉಳಿದದ್ದನ್ನು ಕಟ್ಟಲು ಬೇಕಾದ ಇಟ್ಟಿಗೆಗಳು ಎಣಿಸಿ ಮುಗಿಯದಷ್ಟು. ಪರಿಮಿತ ಅನ್ನುವ ಪದದ ಮೇಲೆ ನಾನು ಹೊರಿಸಿದ್ದ ಭಾರದಲ್ಲಿ ಅರ್ಧ ಇಲ್ಲೇ ಕುಸಿಯುತ್ತದೆ.

ಆದರೂ ಆ ಹುಡುಗಿ ಕೇಳಿದ್ದು ಇದನ್ನಲ್ಲ.

ಧಾರವಾಡದಲ್ಲಿ ಒಂದು ಮಧ್ಯಾಹ್ನ

ಜನವರಿಯಲ್ಲಿ ಪೇಪರ್ ವ್ಯಾಲ್ಯುಯೇಶನ್‌ಗೆ ಧಾರವಾಡಕ್ಕೆ ಹೋಗಿದ್ದೆ. ಬೆಳಗ್ಗೆಯಿಂದ ಒಂದು ಬಂಡಲ್ ಮುಗಿಸಿ, ಕಣ್ಣು ಉರಿಯುತ್ತಿತ್ತು ಅಂತ ಹೊರಗೆ ಬಂದು ಮರದ ಕೆಳಗಿನ ಕಟ್ಟೆಯಲ್ಲಿ ಕೂತೆ. ಕೈಯಲ್ಲಿ ಟೀ, ಪಕ್ಕದಲ್ಲಿ ಕಾಗದದಲ್ಲಿ ಸುತ್ತಿದ ಎರಡು ಮಿರ್ಚಿ ಭಜಿ. ಅದೇ ಪ್ರಶ್ನೆ ಮತ್ತೆ ಬಂತು. ಈ ಸಲ ಓಡಿಸಲಿಲ್ಲ. ಡೈರಿ ತೆಗೆದು ಕೊನೆಯ ಪುಟದಲ್ಲಿ ಬರೆಯುತ್ತಾ ಕೂತೆ.

ಗ್ರೂಪ್ ಬಿಟ್ಟು ಹಾಪ್ಫ್ ಆಲ್ಜೀಬ್ರಾಕ್ಕೆ ಹೋಗೋಣ. ಹೆಸರು ಕೇಳಿ ಹೆದರಬೇಕಾದ್ದಿಲ್ಲ. ಜ್ಯೂರಿಕ್‌ನಲ್ಲಿದ್ದ ಹೈನ್ಸ್ ಹಾಪ್ಫ್ 1941ರಲ್ಲಿ ಟೊಪಾಲಜಿಯ ಒಂದು ಲೆಕ್ಕದಲ್ಲಿ ಈ ರಚನೆಯನ್ನು ಕಂಡರು, ಅದಕ್ಕೆ ಆ ಹೆಸರು. ಗ್ರೂಪಿನ ಸದಸ್ಯ ಒಂದು ಗುಣಲಬ್ಧದ ಮೇಲೆ ಕೆಲಸ ಮಾಡುವಾಗ ಎರಡರ ಮೇಲೂ ಬೇರೆ ಬೇರೆ ಕೆಲಸ ಮಾಡಿ ಗುಣಿಸುತ್ತದೆ. ಡಿಫರೆನ್ಷಿಯೇಶನ್ ಹಾಗಲ್ಲ, ಪಿಯುಸಿಯಲ್ಲಿ ಉರು ಹೊಡೆದ ಪ್ರಾಡಕ್ಟ್ ರೂಲ್ ಪ್ರಕಾರ ಮೊದಲನೆಯದರ ಡೆರಿವೇಟಿವ್ ಇಂಟು ಎರಡನೆಯದು, ಪ್ಲಸ್ ಮೊದಲನೆಯದು ಇಂಟು ಎರಡನೆಯದರ ಡೆರಿವೇಟಿವ್. ಹಾಪ್ಫ್ ಆಲ್ಜೀಬ್ರಾ ಅಂದರೆ ಈ ಎರಡೂ ಥರದವರು ಒಂದೇ ಸೂರಿನಡಿ ಇರುವ ಮನೆ. ಗುಣಲಬ್ಧ ಎದುರಾದಾಗ ಯಾರು ಹೇಗೆ ನಡೆದುಕೊಳ್ಳಬೇಕು ಅನ್ನುವ ಕಟ್ಟುಪಾಡು ಆ ಮನೆಯ ಒಳಗೇ ಬರೆದಿರುತ್ತದೆ.

ಅಂಥ ಮನೆಗಳಲ್ಲಿ ಬಹಳ ಚಿಕ್ಕದು, ಆದರೆ ಗ್ರೂಪಿನಿಂದ ಬಾರದ್ದು, ಸ್ವೀಡ್ಲರ್ ಹೆಸರಿನ ನಾಲ್ಕು ಆಯಾಮದ್ದು. ಅದರಲ್ಲಿ ಗ ಅಂತ ಒಂದು, ಡ ಅಂತ ಒಂದು. ಗ ಅನ್ನು ಎರಡು ಸಲ ಮಾಡಿದರೆ ಏನೂ ಮಾಡದ ಹಾಗೆ. ಡ ಎರಡು ಸಲ ಮಾಡಿದರೆ ಸೊನ್ನೆ. ಗಡ = −ಡಗ. ಡ ಗುಣಲಬ್ಧದ ಮೇಲೆ ಹೋಗುವ ರೀತಿ ಹೀಗೆ: ಡ(ಮನ) = ಡ(ಮ)ನ + ಗ(ಮ)ಡ(ನ). ಪ್ರಾಡಕ್ಟ್ ರೂಲ್ ಥರವೇ, ಆದರೆ ಎರಡನೆಯ ತುಂಡಿನಲ್ಲಿ ಗ ಮಧ್ಯೆ ಬಂದು ಕೂತಿದೆ. ಉಳಿಯುವುದು ಅಂದರೆ ಇಲ್ಲಿ ಏನು? ಗ ಮುಟ್ಟಿದರೂ ಬದಲಾಗಬಾರದು, ಡ ಮುಟ್ಟಿದರೆ ಸೊನ್ನೆ ಆಗಬೇಕು. ಡೆರಿವೇಟಿವ್ ಸೊನ್ನೆ ಆದದ್ದನ್ನೇ ತಾನೇ ನಾವು ಸ್ಥಿರಾಂಕ ಅನ್ನೋದು.

ಡೈರಿಯಲ್ಲಿ ಎರಡು ಅಕ್ಷರ ಬರೆದೆ: ತ, ಸ. ತಸ = ಸತ, ಸ² = 0. ಕ್ರಮದ ರಗಳೆಯೇ ಇಲ್ಲದ, ಎಲ್ಲಕ್ಕಿಂತ ಸಾಧು ಪಿಐ ಆಲ್ಜೀಬ್ರಾ. ಗ ಬಂದರೆ ತ ಹಾಗೇ ಇರುತ್ತದೆ, ಸ ಮಾತ್ರ −ಸ ಆಗುತ್ತದೆ. ಡ(ತ) = ಸ, ಡ(ಸ) = 0. ಇದು ನಿಜಕ್ಕೂ ನಿಲ್ಲುತ್ತದಾ ಅಂತ ಮೊದಲು ನೋಡಬೇಕು, ತಸ ಮತ್ತು ಸತ ಒಂದೇ ಆಗಿರುವಾಗ ಡ ಎರಡರಲ್ಲೂ ಒಂದೇ ಉತ್ತರ ಕೊಡಬೇಕಲ್ವಾ. ಡ(ತಸ) = ಸ·ಸ + ತ·0, ಅಂದರೆ ಸೊನ್ನೆ. ಡ(ಸತ) = 0·ತ + (−ಸ)·ಸ, ಅದೂ ಸೊನ್ನೆ. ಸ² = 0 ಅಂತ ಇಟ್ಟುಕೊಂಡದ್ದರಿಂದ ಎರಡೂ ಕೂಡಿಕೊಂಡವು. ಟೀ ಆರುತ್ತಿತ್ತು. ಮುಂದೆ ಬರೆದೆ. ಡ(ತ²) = 2ತಸ. ಡ(ತ³) = 3ತ²ಸ. ಪಿಯುಸಿ ಡಿಫರೆನ್ಷಿಯೇಶನ್ ಸೊಂಟಕ್ಕೆ ಸ ಕಟ್ಟಿಕೊಂಡು ಬಂದಂತೆ.

ಈಗ ಏನು ಉಳಿಯಿತು? ಈ ಆಲ್ಜೀಬ್ರಾದ ಯಾವುದೇ ಸದಸ್ಯ ಅಂದರೆ ತ ಮಾತ್ರ ಇರುವ ಒಂದು ಬಹುಪದೋಕ್ತಿ, ಜೊತೆಗೆ ತ ಇರುವ ಇನ್ನೊಂದು ಬಹುಪದೋಕ್ತಿ ಇಂಟು ಸ. ಗ ಎರಡನೆಯ ಭಾಗದ ಚಿಹ್ನೆ ತಿರುಗಿಸುತ್ತದೆ, ಹಾಗಾಗಿ ಆ ಭಾಗ ಇರುವಂತಿಲ್ಲ. ಮೊದಲ ಭಾಗದ ಡೆರಿವೇಟಿವ್ ಸೊನ್ನೆ ಆಗಬೇಕು. ಉಳಿದದ್ದು ಬರೀ ಸಂಖ್ಯೆಗಳು. 5, −2, ಮುಕ್ಕಾಲು. ಅಷ್ಟೇ.

ಭಜಿ ಕೈಯಲ್ಲೇ ಇತ್ತು. ತ ಇಲ್ಲ, ತ² ಇಲ್ಲ, ತ ಇರುವ ಏನೂ ಇಲ್ಲ. ಬರೀ ಸಂಖ್ಯೆಗಳನ್ನು ಸಹಗುಣಕ ಮಾಡಿಕೊಂಡು ತ ಮೂಲವಾಗಿರುವ ಒಂದು ಸಮೀಕರಣ ಬರೆಯಲು ಆಗುವುದೇ ಇಲ್ಲ. ಅದೂ ಸಾಲದು ಅಂತ ಇನ್ನೊಂದು ಸಾಲು ಬರೆದು ನೋಡಿದೆ. ತ ಒಂದರ ಬದಲು ನೂರು ತ, ಅವಕ್ಕೆ ತಕ್ಕಂತೆ ನೂರು ಸ, ಯಾವ ಎರಡು ಸ ಗುಣಿಸಿದರೂ ಸೊನ್ನೆ. ಆಗಲೂ ಉಳಿಯುವುದು ಅದೇ ಸಂಖ್ಯೆಗಳು. ಒಂದಿದ್ದರೂ ಅಷ್ಟೇ, ನೂರಿದ್ದರೂ ಅಷ್ಟೇ. "ಮೊದ್ಲು ಎಷ್ಟಿತ್ತು ಅಂತ ಹೇಳೋಕಾಗುತ್ತಾ?" ಆಗೋದಿಲ್ಲ. ನಾಲ್ಕೇ ಆಯಾಮದ ಪುಟ್ಟ ವ್ಯವಸ್ಥೆ ಎಲ್ಲವನ್ನೂ ಒರೆಸಿ ಹಾಕಿದೆ.

ಹಾಪ್ಫ್ ಆಲ್ಜೀಬ್ರಾಗಳಲ್ಲಿ ಹೀಗೂ ಆಗಬಹುದು ಅಂತ 1996ರಲ್ಲೇ ಶೆಂಗ್‌ಲಿನ್ ಝೂ ತೋರಿಸಿದ್ದರು. ನಾನು ಓದಿದ್ದೆ ಕೂಡ. ಆದರೆ ಓದುವುದೇ ಬೇರೆ, ಕಟ್ಟೆ ಮೇಲೆ ಕೂತು ಸ್ವಂತ ಕೈಯಲ್ಲಿ ತ ಮಾಯವಾಗುವುದನ್ನು ನೋಡುವುದೇ ಬೇರೆ.

ಮುಖ ಇಲ್ಲದವರು

ಹಾಗಾದರೆ ನಾನು ಎಡವಿದ್ದು ಎಲ್ಲಿ? ಬಸ್ಸಿನಲ್ಲಿ ವಾಪಸ್ ಬರುವಾಗ ಹಾವೇರಿ ದಾಟುವ ತನಕ ಇದೇ ಯೋಚನೆ. ಗ್ರೂಪಿನ ಉದಾಹರಣೆಯಲ್ಲಿ ನಮ್ಮನ್ನು ಕಾಪಾಡಿದ್ದು ಪರಿಮಿತತೆ ಅಂತ ನಾನು ನಂಬಿಕೊಂಡಿದ್ದೆ. ಕಾಪಾಡಿದ್ದು ಅದೊಂದೇ ಅಲ್ಲ. ಗ್ರೂಪಿನ ಪ್ರತಿ ಸದಸ್ಯನೂ ಅ ಗೆ ಒಂದು ಮುಖ ಕೊಡುತ್ತಾನೆ. ಆ ಮುಖಗಳನ್ನು ಸಾಲಾಗಿ ನಿಲ್ಲಿಸಬಹುದು, ಗುಣಿಸಬಹುದು. ಡ ಗೆ ಆ ಶಕ್ತಿ ಇಲ್ಲ. ಡ(ತ) ಅನ್ನೋದು ತ ದ ಇನ್ನೊಂದು ಮುಖ ಅಲ್ಲ. ಅದು ಒಂದು ಮುಖದಿಂದ ಇನ್ನೊಂದಕ್ಕೆ ಹೋಗುವ ದಾರಿಯಲ್ಲಿ ಸಿಕ್ಕ ವ್ಯತ್ಯಾಸ. ಗ ತೋರಿಸುವ ಮುಖಗಳಲ್ಲಿ ತ ಗೆ ಇರುವುದು ತನ್ನದೊಂದೇ. ಝ − ತ ಅಂತ ಬರೆದರೆ ಅದರ ಸಹಗುಣಕ ತ, ಅದನ್ನು ಡ ಒಪ್ಪುವುದಿಲ್ಲ. ಗುಣಿಸಲು ಬೇರೆ ಯಾರೂ ಇಲ್ಲ.

ಸರಾಸರಿ ತೆಗೆದರೆ? ಅದನ್ನೂ ನೋಡಿದೆ. ಗ್ರೂಪಿನಲ್ಲಿ ಎಲ್ಲ ಮುಖಗಳನ್ನು ಕೂಡಿಸಿದರೆ ಉಳಿಯುವಂಥದ್ದು ಸಿಗುತ್ತದೆ. ಹಾಪ್ಫ್ ಆಲ್ಜೀಬ್ರಾದಲ್ಲಿ ಆ ಕೂಡುವಿಕೆಯ ಜಾಗದಲ್ಲಿ ಇಂಟೆಗ್ರಲ್ ಅನ್ನುವ ಒಂದು ವಿಶೇಷ ಸದಸ್ಯ ಇರುತ್ತದೆ. ಲಾರ್ಸನ್ ಮತ್ತು ಸ್ವೀಡ್ಲರ್ ಅದನ್ನು 1969ರಲ್ಲಿ ಬಿಡಿಸಿಟ್ಟರು. ಈ ನಾಲ್ಕು ಆಯಾಮದ ಮನೆಯಲ್ಲಿ ಅದು (1 + ಗ)ಡ. ಇದನ್ನು 1ರ ಮೇಲೆ ಪ್ರಯೋಗಿಸಿ. ಡ(1) ಸೊನ್ನೆ, ಆದ್ದರಿಂದ ಉತ್ತರವೂ ಸೊನ್ನೆ. 1ರ ಸರಾಸರಿ 1 ಬರದೆ ಸೊನ್ನೆ ಬಂದರೆ ಅಂಥ ಸರಾಸರಿಯಿಂದ ಏನು ಉಪಯೋಗ? ಸರಾಸರಿ ಸರಿಯಾಗಿ ನಡೆಯುವ ಹಾಪ್ಫ್ ಆಲ್ಜೀಬ್ರಾಗಳನ್ನು ಸೆಮಿಸಿಂಪಲ್ ಅನ್ನುತ್ತಾರೆ, ನಮ್ಮದು ಆ ಪೈಕಿ ಅಲ್ಲ.

ಹಾಗಿದ್ದರೆ ಸೆಮಿಸಿಂಪಲ್ ಇದ್ದರೆ ಸಾಕು, ನೆಮ್ಮದಿ ಅಂತೀರಾ? ಅಲ್ಲಿ ಇನ್ನೊಂದು ಅಚ್ಚರಿ ಕಾದಿದೆ. 2014ರಲ್ಲಿ ಎಟಿಂಗೊಫ್ ಮತ್ತು ವಾಲ್ಟನ್ ಒಂದು ಪ್ರಮೇಯ ಕೊಟ್ಟರು. ಗುಣಾಕಾರ ಪರಿವರ್ತನೀಯವಾಗಿದ್ದು, ಸೊನ್ನೆಯಲ್ಲದ ಎರಡನ್ನು ಗುಣಿಸಿದರೆ ಎಂದೂ ಸೊನ್ನೆ ಬಾರದ ಆಲ್ಜೀಬ್ರಾ ತಗೊಳ್ಳಿ, ಸಂಖ್ಯೆಗಳು ನಮ್ಮ ಸಂಕೀರ್ಣ ಸಂಖ್ಯೆಗಳೇ ಇರಲಿ. ಪರಿಮಿತ ಆಯಾಮದ ಸೆಮಿಸಿಂಪಲ್ ಹಾಪ್ಫ್ ಆಲ್ಜೀಬ್ರಾ ಅದರ ಮೇಲೆ ಏನೇ ಮಾಡಿದರೂ ಅದರ ಹಿಂದೆ ಇರುವುದು ಒಂದು ಸಾಮಾನ್ಯ ಗ್ರೂಪ್. ಹೊಸದು ಏನೂ ಅಲ್ಲಿ ನುಸುಳಲಾರದು. ನಮ್ಮ ಉದಾಹರಣೆಯಲ್ಲಿ ಸ² = 0 ಅಂತ ಒಂದು ಸಂದು ಇತ್ತು, ಡ ನುಸುಳಿದ್ದು ಅಲ್ಲಿಂದ. ಗ್ರೂಪಿನಿಂದ ಬಾರದ ಸಿಮೆಟ್ರಿಯನ್ನು ಸಂದಿಲ್ಲದ ಕಡೆ, ಸರಾಸರಿಯನ್ನೂ ಕೈಬಿಡದೆ ನೋಡಬೇಕು ಅಂದರೆ ಅಬ ಮತ್ತು ಬಅ ಬೇರೆ ಆಗಿರುವ ಕಡೆಗೇ ಹೋಗಬೇಕು. ಆದರೆ ತೀರಾ ದೂರ ಹೋದರೆ ಕೈಗೆ ಏನೂ ಸಿಗುವುದಿಲ್ಲ. ಪಿಐ ಆಲ್ಜೀಬ್ರಾಗಳು ನಡುವಿನ ಆ ಜಾಗ: ಹೊಸ ಸಿಮೆಟ್ರಿ ಬದುಕುವಷ್ಟು ಸಡಿಲ, ಆ ಹುಡುಗಿಯ ಪ್ರಶ್ನೆಗೆ ಇನ್ನೂ ಅರ್ಥ ಇರುವಷ್ಟು ಬಿಗಿ. ನಾನು ಐದು ವರ್ಷ ಅಲ್ಲಿ ಯಾಕೆ ಕಳೆದೆ ಅಂತ ಯಾರಾದರೂ ಕೇಳಿದರೆ ಇದಕ್ಕಿಂತ ಚೆನ್ನಾಗಿ ಹೇಳಲು ನನಗೆ ಬರುವುದಿಲ್ಲ.

ಅಡಿಗೆರೆ

ಫೆಬ್ರವರಿಯಲ್ಲಿ ಅವಳನ್ನು ಸ್ಟಾಫ್ ರೂಮಿಗೆ ಕರೆದೆ. ಆ ನೋಟ್ಸ್ ತರಲು ಹೇಳಿದೆ. "ಇದು ತಪ್ಪು ಕಣಮ್ಮ, ನಾನು ಯೋಚನೆ ಮಾಡದೆ ಹೇಳ್ಬಿಟ್ಟೆ," ಅಂದು ಡೈರಿಯ ಪುಟವನ್ನು ಅವಳ ಮುಂದೆ ಇಟ್ಟೆ. ಅವಳು ಒಂದೊಂದೇ ಸಾಲನ್ನು ಬೆರಳಿಟ್ಟು ಓದಿದಳು. ಡ(ತಸ) ಹತ್ತಿರ ಬಂದಾಗ ನಿಂತು, ತನ್ನ ನೋಟ್ಸಿನ ಮೂಲೆಯಲ್ಲಿ ತಾನೇ ಮಾಡಿ ನೋಡಿದಳು. ನನ್ನ ಮಾತಿಗೆ ಒಪ್ಪಿ ತಲೆ ಆಡಿಸದೆ, ಮಾಡಿ ನೋಡಿದಳಲ್ಲ, ಅದು ನನಗೆ ತುಂಬಾ ಇಷ್ಟವಾಯಿತು. ಆಮೇಲೆ ಡ(ತ³) = 3ತ²ಸ ಅನ್ನುವ ಸಾಲಿನ ಮೇಲೆ ಬೆರಳು ಇಟ್ಟುಕೊಂಡು ಬಹಳ ಹೊತ್ತು ಕೂತಳು. ಏನೂ ಕೇಳಲಿಲ್ಲ. ಬಸ್ಸಿಗೆ ಹೊತ್ತಾಯಿತು ಅಂತ ಎದ್ದು ಹೋದಳು.

ರಾತ್ರಿ ಒಂಬತ್ತೂವರೆಗೆ ವಾಟ್ಸಾಪ್‌ನಲ್ಲಿ ಮೆಸೇಜ್. "ಮೇಡಂ, 3 = 0 ಆಗೋ ಸಂಖ್ಯೆಗಳನ್ನ ತಗೊಂಡ್ರೆ ಡ(ತ³) ಸೊನ್ನೆ. ತ³ ಉಳೀತು!"

ಹೌದು. ಮೂರನ್ನು ಸೊನ್ನೆ ಅಂತ ಎಣಿಸುವ, ಅಂದರೆ 0, 1, 2 ಆದ ಮೇಲೆ ಮತ್ತೆ 0ಗೇ ಬರುವ ಲೋಕದಲ್ಲಿ ತ³ ಉಳಿಯುತ್ತದೆ, ಝ³ − ತ³ ಅನ್ನುವ ಸಮೀಕರಣಕ್ಕೆ ತ ಮೂಲ. ಮುಖಗಳಿಲ್ಲ, ಸರಾಸರಿಯೂ ಇಲ್ಲ, ಆದರೂ ತ ಕೈಗೆ ಸಿಕ್ಕಿತು. ಯಾವುದೋ ಒಂದು ಅವಿಭಾಜ್ಯ ಸಂಖ್ಯೆ ಸೊನ್ನೆ ಆಗುವ ಲೋಕಗಳಲ್ಲಿ, ಗುಣಾಕಾರ ಪರಿವರ್ತನೀಯ ಆಗಿರುವ ತನಕ, ಪರಿಮಿತ ಆಯಾಮದ ಯಾವ ಹಾಪ್ಫ್ ಆಲ್ಜೀಬ್ರಾ ಬಂದರೂ ಹೀಗೇ ಆಗುತ್ತದೆ ಅಂತ ಕಜಾನ್‌ನ ಸ್ಕ್ರ್ಯಾಬಿನ್ 2004ರಲ್ಲಿ ಸಾಧಿಸಿದ್ದಾರೆ. ಅವಳಿಗೆ ಆ ಹೆಸರು ಗೊತ್ತಿಲ್ಲ. ಅವಳು ಒಂದು ಸಾಲಿನ ಮೇಲೆ ಬೆರಳಿಟ್ಟು ಕೂತಿದ್ದಳು, ಅಷ್ಟೇ.

ನಾನು ಉತ್ತರ ಟೈಪ್ ಮಾಡುವ ಮೊದಲೇ ಇನ್ನೊಂದು ಮೆಸೇಜ್ ಬಂತು. "ನೂರು ತ ಇದ್ರೆ ನೂರು ತ³ ಉಳಿಯುತ್ತೆ. ಅಲ್ಲಾದ್ರೆ ಎಷ್ಟಿತ್ತು ಅಂತ ಹೇಳ್ಬಹುದು, ಅಲ್ವಾ ಮೇಡಂ?"

ಡೈರಿ ತೆಗೆದೆ. ನೂರು ಬದಲು ಎರಡು ತ ಇಟ್ಟುಕೊಂಡು, ಮೂರನ್ನು ಸೊನ್ನೆ ಮಾಡಿ, ಮೊದಲ ಸಾಲಿನಿಂದ ಬರೆಯತೊಡಗಿದೆ. ಉತ್ತರ ಕಳಿಸಿದಾಗ ಹತ್ತೂಕಾಲು ಆಗಿತ್ತು.